ಹುಡುಗಾಟದ ತಪ್ಪಿಗೆ ಓಟಿನ ಶಿಕ್ಷೆಯೇ?

ಆಳಂದವಿರಲಿ, ಅಫಜಲಪುರವಿರಲಿ, ಜೇವರ್ಗಿಯಿರಲಿ, ಪಂಚಾಯಿತಿ ಚುನಾವಣೆ ಬಂತೆಂದರೆ ಕಟ್ಟೆಯ ಮಾತು ಒಲೆಯ ಮುಂದೆಯೂ ಬರುತ್ತದೆ. ರೊಟ್ಟಿ ಬಡಿಯುತ್ತಲೇ ನಾವೂ ಹುರಿಯಾಳುಗಳನ್ನು ತೂಗಿ ನೋಡುತ್ತೇವೆ.

“ಅಂವಾ ನಿಂತಾನಂತ, ವೈನಿ. ಸಾಲಿಗೆ ಹೋಗುವಾಗ ಮಂದಿ ಹೊಲದಾಗಿನ ತೊಗರಿ ಕದ್ದು ಮಾರಿದ್ದ, ನೆನಪದ ಏನು?”

“ನೆನಪದವಾ. ಆದ್ರ ಆಗ ಅವಂಗ ಹದಿಮೂರು ವರ್ಷ!”

ಇಂಥ ಮಾತಿನಲ್ಲಿ ನೀವು ಯಾರ ಕಡೆ?

ಕಾನೂನು ಏನನ್ನುತ್ತದೆ, ಮೊದಲು ನೋಡೋಣ. ಗ್ರಾಮ ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು, ವಿಧಾನಸಭೆಗೆ 25. ದೊಡ್ಡವರಾದ ಮೇಲೆ ಅಪರಾಧ ಮಾಡಿ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು, ಬಿಡುಗಡೆಯಾಗಿ ಆರು ವರ್ಷ ಕಳೆಯುವವರೆಗೆ ವಿಧಾನಸಭೆಗಾಗಲಿ ಲೋಕಸಭೆಗಾಗಲಿ ನಿಲ್ಲುವಂತಿಲ್ಲ. ಮಕ್ಕಳ ಮಾತು ಬೇರೆ. 2015ರ ಬಾಲನ್ಯಾಯ ಕಾಯಿದೆಯ 24ನೇ ಕಲಮಿನಂತೆ, 18 ತುಂಬುವ ಮೊದಲು ಮಾಡಿದ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು. ಹದಿನಾರು ತುಂಬಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವರನ್ನು ದೊಡ್ಡವರಂತೆಯೇ ವಿಚಾರಿಸಿ ತಪ್ಪಿತಸ್ಥರೆಂದರೆ ಮಾತ್ರ ಈ ರಿಯಾಯಿತಿ ಇಲ್ಲ.

ಕಾಗದ ಹರಿದರೂ ಊರಿನ ನೆನಪು ಹರಿಯುವುದಿಲ್ಲವಲ್ಲ! ಅಲ್ಲಿಯೇ ನಮ್ಮ ವಿವೇಕ ಬೇಕು.

ಗಾಂಧೀಜಿಯನ್ನೇ ನೋಡಿ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಬೀಡಿಯ ಚಟಕ್ಕೆ ಆಳಿನ ಕಾಸು ಕದ್ದಿದ್ದರು. ಹದಿನೈದರಲ್ಲಿ ಅಣ್ಣನ ಸಾಲ ತೀರಿಸಲು ಅಣ್ಣನ ತೋಳಬಂದಿಯಿಂದಲೇ ಚೂರು ಚಿನ್ನ ಕದ್ದರು. ಮನಸ್ಸು ತಡೆಯದೆ, ತಪ್ಪೊಪ್ಪಿಕೊಂಡು ಚೀಟಿ ಬರೆದು, ಕಾಯಿಲೆ ಮಲಗಿದ್ದ ತಂದೆಯ ಕೈಗಿತ್ತರು. ತಂದೆ ಕಣ್ಣೀರಿಟ್ಟು ಚೀಟಿ ಹರಿದರು. ಇದನ್ನು ಲೋಕಕ್ಕೆ ತಿಳಿಸಿದವರು ವೈರಿಗಳಲ್ಲ. ಆತ್ಮಕಥೆಯಲ್ಲಿ ಅವರೇ ಬರೆದರು.

ಹಾಗೆಂದು ಎಲ್ಲವನ್ನೂ ಹುಡುಗಾಟವೆಂದು ಬಿಡಲಾಗದು. ದಾರಿಯಲ್ಲಿ ಒಬ್ಬ ಹುಡುಗಿಯನ್ನು ದಿನವೂ ಕಾಡಿ, ಅವಳು ಸಾಲಿ ಬಿಡುವಂತೆ ಮಾಡಿದವನಿದ್ದರೆ? “ಆಗಿನದು ಹುಡುಗಬುದ್ಧಿ” ಎಂದು ಕ್ಷಮಿಸುವ ಹಕ್ಕು ಮೊದಲು ಅವಳದು, ಅವಳ ತಾಯಿಯದು. ಆಮೇಲೆ ನಮ್ಮದು.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಆದರೆ ಹೆಣ್ಣುಮಗಳು ನಿಂತರೆ ನಮ್ಮ ತಕ್ಕಡಿಯೇ ಬೇರೆ! ಹುಡುಗ ಕದ್ದರೆ ತುಂಟತನ. ಹುಡುಗಿ ಎಂದೋ ಯಾರಿಗೋ ಚೀಟಿ ಬರೆದಿದ್ದರೆ, ಮಕ್ಕಳ ತಾಯಿಯಾದರೂ ಆ ಮಾತು ಬಿಡುವುದಿಲ್ಲ. ಅದು ಅಪರಾಧವೇ ಅಲ್ಲ. ಹೀಗೆ ಆಡುವವರಲ್ಲಿ ನಾವೂ ಇದ್ದೇವಲ್ಲವೇ, ಅಕ್ಕಾ?

ಮುಂದೆ ಯಾರಾದರೂ ಹೊಸ್ತಿಲಿಗೆ ಓಟು ಕೇಳಲು ಬಂದಾಗ ಮೂರೇ ಸಂಗತಿ ನೋಡಿ. ದೊಡ್ಡವನಾದ ಮೇಲೂ ಅದೇ ಚಾಳಿ ಇದೆಯೇ? ನೊಂದವರ ಎದುರು ನಿಂತು ತಪ್ಪೊಪ್ಪಿದ್ದಾನೆಯೇ? ಈಗ ಹತ್ತು ಮಂದಿಯ ದುಡ್ಡು ಕೈಗೆ ಬಂದರೆ ಲೆಕ್ಕ ಸರಿಯಾಗಿ ಕೊಡುತ್ತಾನೆಯೇ? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ, ಆ ತೊಗರಿಯ ಮಾತು ಅಲ್ಲಿಗೇ ಬಿಡಿ.

ನಾಳೆ ನಿಮ್ಮ ಮಗನೋ ಮಗಳೋ ಇದೇ ರೀತಿ ಇನ್ನೊಬ್ಬರ ಹೊಸ್ತಿಲಲ್ಲಿ ನಿಂತಾಗ, ಆ ಮನೆಯಾಕೆಯ ಕೈಯಲ್ಲಿ ಎಂಥ ತಕ್ಕಡಿ ಇರಲೆಂದು ಬಯಸುತ್ತೀರಿ?