ಮಕ್ಕಳ ಚಿತ್ರರಚನೆ

ಮಕ್ಕಳ ಚಿತ್ರರಚನೆ ಎಂದರೆ ಎಳೆಯ ಮಕ್ಕಳು ಬಳಪ, ಪೆನ್ಸಿಲ್, ಬಣ್ಣ ಮೊದಲಾದ ಸಾಮಗ್ರಿಗಳನ್ನು ಬಳಸಿ ತಾವು ಕಂಡದ್ದನ್ನು, ತಿಳಿದದ್ದನ್ನು ಮತ್ತು ಕಲ್ಪಿಸಿದ್ದನ್ನು ರೇಖೆ ಹಾಗೂ ಆಕಾರಗಳಲ್ಲಿ ವ್ಯಕ್ತಪಡಿಸುವ ಚಟುವಟಿಕೆ. ಅಕ್ಷರ ಕಲಿಯುವ ಮೊದಲೇ ಆರಂಭವಾಗುವ ಈ ಚಟುವಟಿಕೆಯು ಮಗುವಿನ ಅವಲೋಕನ, ಆಲೋಚನೆ ಮತ್ತು ಕೈಯ ಹಿಡಿತವನ್ನು ಬೆಳೆಸುತ್ತದೆ.

ಇತಿಹಾಸ

ಮಕ್ಕಳ ಚಿತ್ರಗಳಿಗೆ ಅವುಗಳದೇ ಆದ ಮೌಲ್ಯವಿದೆ ಎಂದು ಪ್ರತಿಪಾದಿಸಿದವರಲ್ಲಿ ಫ್ರಾನ್ಸ್ ಚಿಜೆಕ್ ಪ್ರಮುಖರು. ಅವರು 1897ರಲ್ಲಿ ವಿಯೆನ್ನಾ ನಗರದಲ್ಲಿ ಮಕ್ಕಳಿಗಾಗಿ ಕಲಾತರಗತಿಯನ್ನು ಆರಂಭಿಸಿದರು. ಫ್ರಾನ್ಸ್ ದೇಶದ ಜಾರ್ಜ್ ಹೆನ್ರಿ ಲುಕೆ 1927ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಒಂದು ವಯಸ್ಸಿನವರೆಗೆ ಮಗು ಕಣ್ಣಿಗೆ ಕಾಣುವುದಕ್ಕಿಂತ ಮನಸ್ಸಿಗೆ ತಿಳಿದಿರುವುದನ್ನೇ ಬರೆಯುತ್ತದೆ ಎಂದು ವಿವರಿಸಿದರು. ಗೋಡೆಯ ಹಿಂದಿರುವ ಮನೆಮಂದಿಯೆಲ್ಲರೂ ಚಿತ್ರದಲ್ಲಿ ಕಾಣಿಸುವುದು ಇದೇ ಕಾರಣದಿಂದ. ಭಾರತದಲ್ಲಿ ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ ಅವರು ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲಿ ಮಕ್ಕಳ ಕಲಾಶಿಕ್ಷಣವನ್ನು ರೂಪಿಸಿದರು.

ಬೆಳವಣಿಗೆಯ ಹಂತಗಳು

ವಿಕ್ಟರ್ ಲೊವೆನ್‌ಫೆಲ್ಡ್ 1947ರ ತಮ್ಮ ಗ್ರಂಥದಲ್ಲಿ ಈ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದರು. ವಯೋಮಿತಿಗಳು ಸ್ಥೂಲವಾದವು.

• ಗೀಚುವ ಹಂತ (2–4 ವರ್ಷ): ಕೈಯ ಚಲನೆಯ ಆನಂದವೇ ಪ್ರಧಾನ. ಕ್ರಮೇಣ ಮಗು ತನ್ನ ಗೀಚುಗಳಿಗೆ ಹೆಸರಿಡುತ್ತದೆ.
• ಆಕೃತಿಪೂರ್ವ ಹಂತ (4–7 ವರ್ಷ): ದುಂಡಗಿನ ತಲೆಯಿಂದಲೇ ಕಾಲುಗಳು ಹೊರಡುವ ಮನುಷ್ಯರು ಕಾಣಿಸಿಕೊಳ್ಳುತ್ತಾರೆ.
• ಆಕೃತಿ ಹಂತ (7–9 ವರ್ಷ): ಮರ, ಮನೆ, ಮನುಷ್ಯರೆಲ್ಲ ನೆಲದ ಗೆರೆಯೊಂದರ ಮೇಲೆ ನಿಲ್ಲುತ್ತಾರೆ.
• ವಾಸ್ತವತೆಯ ಉದಯ (9–12 ವರ್ಷ): ಮಗು ತನ್ನ ಚಿತ್ರವನ್ನು ನಿಜವಸ್ತುವಿನೊಡನೆ ಹೋಲಿಸಿ ನೋಡತೊಡಗುತ್ತದೆ.

ಕೊನೆಯ ಹಂತವು ಸೂಕ್ಷ್ಮವಾದುದು. "ನನಗೆ ಚಿತ್ರ ಬರೆಯಲು ಬರುವುದಿಲ್ಲ" ಎಂದು ಅನೇಕ ಮಕ್ಕಳು ಚಿತ್ರರಚನೆಯನ್ನು ಕೈಬಿಡುವುದು ಈ ವಯಸ್ಸಿನ ಆಸುಪಾಸಿನಲ್ಲಿಯೇ.

ಸಾಮಗ್ರಿಗಳು

ಸ್ಲೇಟು ಮತ್ತು ಬಳಪ ಅಗ್ಗವಾದವು. ಬರೆದುದನ್ನು ಅಳಿಸಿ ಮತ್ತೆ ಯತ್ನಿಸಬಹುದು. ಎಳೆಯ ಬೆರಳುಗಳಿಗೆ ದಪ್ಪನೆಯ ಮೇಣದ ಬಣ್ಣದ ಕಡ್ಡಿಗಳು ಅನುಕೂಲಕರ. ಮೇಣದ ಕಡ್ಡಿಯಿಂದ ಬರೆದ ಚಿತ್ರದ ಮೇಲೆ ತೆಳುವಾದ ನೀರುಬಣ್ಣ ಬಳಿದರೆ, ಮೇಣವು ನೀರನ್ನು ಹಿಡಿಯದ ಕಾರಣ ಗೆರೆಗಳು ಎದ್ದು ಕಾಣುತ್ತವೆ. ಅನೇಕ ಸಾಮಗ್ರಿಗಳನ್ನು ಒಮ್ಮೆಗೇ ಮುಂದಿಡುವುದಕ್ಕಿಂತ ಒಂದೊಂದನ್ನೇ ಕೊಟ್ಟು, ಅದರ ಗುಣವನ್ನು ಮಗುವೇ ಅರಿಯಲು ಕಾಲಾವಕಾಶ ನೀಡುವುದು ಉತ್ತಮ.

ಹಿರಿಯರ ಪಾತ್ರ

ಎರಡು ಗುಡ್ಡಗಳ ನಡುವೆ ಸೂರ್ಯ, ಕೆಳಗೆ ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ ಮತ್ತು ಹೊಳೆ: ಇಂತಹ ಸಿದ್ಧಚಿತ್ರವು ಕರ್ನಾಟಕದ ಶಾಲೆಗಳಲ್ಲಿ ಚಿರಪರಿಚಿತ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ಬರೆಯುವುದುಂಟು. ಕಪ್ಪುಹಲಗೆಯ ಚಿತ್ರವನ್ನು ನಕಲು ಮಾಡುವಾಗ ಮಗುವಿಗೆ ತಾನೇ ನೋಡುವ ಅಗತ್ಯ ಬೀಳುವುದಿಲ್ಲ. ಬಣ್ಣ ತುಂಬುವ ಪುಸ್ತಕಗಳನ್ನು ಲೊವೆನ್‌ಫೆಲ್ಡ್ ವಿರೋಧಿಸಿದ್ದರು.

ಇದಕ್ಕೆ ಬದಲಾಗಿ ಒಂದು ಬೇವಿನ ಎಲೆಯನ್ನೋ ಮಗುವಿನದೇ ಚಪ್ಪಲಿಯನ್ನೋ ಎದುರಿಗಿಟ್ಟು, ಅದರ ಅಂಚಿನ ಮೇಲೆ ಬೆರಳಾಡಿಸಲು ಹೇಳಬಹುದು. "ನರಗಳು ಎಲ್ಲಿಂದ ಹೊರಡುತ್ತವೆ?", "ಯಾವ ಭಾಗ ಹೆಚ್ಚು ಅಗಲವಾಗಿದೆ?" ಎಂಬ ಪ್ರಶ್ನೆಗಳು ದೃಷ್ಟಿಯನ್ನು ಹರಿತಗೊಳಿಸುತ್ತವೆ. ಮೊದಲ ಚಿತ್ರವನ್ನು ಉಳಿಸಿಕೊಂಡು ಅದೇ ವಸ್ತುವನ್ನು ಮತ್ತೊಮ್ಮೆ ಬರೆಸಿದರೆ, ತಾನು ಹೊಸದಾಗಿ ಏನನ್ನು ಕಂಡೆನೆಂಬುದು ಮಗುವಿಗೇ ಗೋಚರಿಸುತ್ತದೆ.

ಮಗುವಿನ ಚಿತ್ರವನ್ನು ಹಿರಿಯರು ತಮ್ಮ ಕೈಯಿಂದ ತಿದ್ದಬಾರದು. "ಇದೇನು?" ಎಂದು ಕೇಳುವುದಕ್ಕಿಂತ "ಇದರ ವಿಷಯ ನನಗೆ ಹೇಳುತ್ತೀಯಾ?" ಎಂದು ಕೇಳುವುದು ಲೇಸು. ಅಂಕ ಮತ್ತು ಬಹುಮಾನಗಳಿಗಿಂತ, ದಿನಾಂಕ ಬರೆದು ಜೋಪಾನ ಮಾಡಿದ ಹಳೆಯ ಚಿತ್ರಗಳು ಪ್ರಗತಿಯನ್ನು ಸ್ಪಷ್ಟವಾಗಿ ತೋರಿಸುತ್ತವೆ.

ಶಾಲಾ ಶಿಕ್ಷಣದಲ್ಲಿ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವು ಕಲಿಕೆಯ ಅವಿಭಾಜ್ಯ ಅಂಗವಾಗಬೇಕೆಂದು ಶಿಫಾರಸು ಮಾಡಿತು. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳಲ್ಲಿಯೂ ಪರಿಸರ ಅಧ್ಯಯನದ ಪಾಠದೊಡನೆ ಎಲೆ, ಕೀಟ, ಬೀಜಗಳನ್ನು ನೋಡಿ ಬರೆಯುವ ಅಭ್ಯಾಸವನ್ನು ಅಳವಡಿಸಿಕೊಳ್ಳಬಹುದಾಗಿದೆ.