ಜೈಮಿನಿ ಭಾರತದಲ್ಲೂ ಒಂದು ‘ಭದ್ರಾವತಿ’ ಇದೆ, ಅದು ಈ ಊರೇನಾ?

ಭದ್ರಾವತಿ: ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತಮುತ್ತ ಹಿರಿಯರನ್ನು ಕೇಳಿದರೆ ಊರಿನ ಹಳೇ ಹೆಸರು ಬೆಂಕಿಪುರ ಅಂತಾರೆ. ಆದರೆ ಭದ್ರಾವತಿ ಅನ್ನೋ ಹೆಸರು ಕನ್ನಡದ ಹಳೇ ಕಾವ್ಯವೊಂದರಲ್ಲೂ ಇದೆ. ಲಕ್ಷ್ಮೀಶ ಕವಿಯ ‘ಜೈಮಿನಿ ಭಾರತ’ದಲ್ಲಿ ಯೌವನಾಶ್ವ ರಾಜನ ರಾಜಧಾನಿ ಭದ್ರಾವತಿ. ಅಶ್ವಮೇಧ ಯಾಗದ ಕುದುರೆ ತರೋದಕ್ಕೆ ಭೀಮ ಹೋಗಿದ್ದು ಅಲ್ಲಿಗೆ.

ಹಾಗಾದ್ರೆ ಭೀಮ ಭದ್ರಾ ಹೊಳೆ ದಂಡೆಗೆ ಬಂದಿದ್ನಾ? ಇಲ್ಲ. ಹೆಸರಷ್ಟೇ ಒಂದು. ಕಾವ್ಯದ ಊರು ಸಂಸ್ಕೃತದ ಜೈಮಿನಿ ಅಶ್ವಮೇಧದಿಂದ ಬಂದಿದ್ದು. ಈ ಊರಿಗೆ ಹೆಸರು ಕೊಟ್ಟಿದ್ದು ಭದ್ರಾ ನದಿ. ಕವಿ ಮಾತ್ರ ದೂರದವನಲ್ಲ. ಬೆಂಗಳೂರು ರೈಲು ಹತ್ತಿದವರು ದಾಟಿಹೋಗುವ ಕಡೂರಿನ ತಾಲೂಕಿಗೆ ಸೇರಿದ ದೇವನೂರು ಲಕ್ಷ್ಮೀಶನ ಊರು.

ಆ ಭದ್ರಾವತಿಯಲ್ಲಿ ನಡೆದಿದ್ದೇನು?

ಕುರುಕ್ಷೇತ್ರ ಯುದ್ಧ ಮುಗಿದಿದೆ. ಗೆದ್ದರೂ ಧರ್ಮರಾಯನಿಗೆ ನೆಮ್ಮದಿ ಇಲ್ಲ, ಬಂಧುಗಳನ್ನೇ ಕೊಂದ ಪಾಪ ಕಾಡುತ್ತಿದೆ. ಅಶ್ವಮೇಧ ಮಾಡು ಅಂತಾರೆ ವ್ಯಾಸರು. ಅದಕ್ಕೆ ಬೇಕಾದ ಕುದುರೆ ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಪ್ಪು. ಅಂಥದ್ದು ಇರೋದು ಯೌವನಾಶ್ವನ ಹತ್ತಿರ.

ಭೀಮನ ಜೊತೆ ಹೊರಡುವ ಇಬ್ಬರು ಹುಡುಗರನ್ನು ಗಮನಿಸಬೇಕು. ಒಬ್ಬ ಕರ್ಣನ ಮಗ ವೃಷಕೇತು, ಇನ್ನೊಬ್ಬ ಘಟೋತ್ಕಚನ ಮಗ ಮೇಘನಾದ. ಘಟೋತ್ಕಚನನ್ನು ಕೊಂದವನು ಕರ್ಣ. ಕರ್ಣನನ್ನು ಕೊಂದವನು ಭೀಮನ ತಮ್ಮ ಅರ್ಜುನ. ಅಪ್ಪಂದಿರ ಲೆಕ್ಕ ಹಿಡಿದು ಕೂತಿದ್ರೆ ಈ ಮೂವರೂ ಒಂದೇ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯೋಕೂ ಆಗ್ತಿರಲಿಲ್ಲ!

ಮೇಘನಾದ ಮಾಯೆ ಮಾಡಿ ಕುದುರೆಯನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ವೃಷಕೇತು ಯೌವನಾಶ್ವನ ಎದುರು ನಿಲ್ಲುತ್ತಾನೆ. ರಾಜ ಮೂರ್ಛೆ ಹೋದಾಗ ಮತ್ತೆ ಬಾಣ ಬಿಡೋದಿಲ್ಲ, ಹತ್ತಿರ ಹೋಗಿ ಉಪಚರಿಸುತ್ತಾನೆ. ಎಚ್ಚರಾದ ರಾಜ ಶತ್ರುವಾಗಿ ಉಳಿಯೋದಿಲ್ಲ, ಪಾಂಡವರ ಕಡೆಯವನಾಗುತ್ತಾನೆ. ವ್ಯಾಸಭಾರತದ ಅಶ್ವಮೇಧ ಪರ್ವದಲ್ಲಿ ಈ ಪ್ರಸಂಗವೇ ಇಲ್ಲ.

ಬರೀ ಉಪಮೆಯ ಕಾವ್ಯ ಅಲ್ಲ

ಲಕ್ಷ್ಮೀಶ ಅಂದ್ರೆ ‘ಉಪಮಾಲೋಲ’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬಿಟ್ಟುಬಿಡೋದು ರೂಢಿ. ಆದ್ದರಿಂದ ಕಾವ್ಯದ ಒಳಗಿನ ಪ್ರಶ್ನೆ ಮರೆಯಾಗಿದೆ. ಯುದ್ಧ ಮುಗಿದ ಮೇಲೆ ಸತ್ತವರ ಮಕ್ಕಳು, ಕೊಂದವರ ಮಕ್ಕಳು ಹೇಗೆ ಬದುಕಬೇಕು? ಕುದುರೆ ಹೋದಲ್ಲೆಲ್ಲ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಸಾಕಷ್ಟು ರಾಜರು ಸೋತು ಗೆಳೆಯರಾಗುತ್ತಾರೆ, ಎಲ್ಲದರ ಹಿಂದೆ ಕೃಷ್ಣಭಕ್ತಿ ಇದೆ. ಆದರೆ ಎಲ್ಲರಿಗೂ ಈ ಅದೃಷ್ಟ ಇಲ್ಲ. ಕೃಷ್ಣನ ಪರಮ ಭಕ್ತ ಸುಧನ್ವ ಕೃಷ್ಣನ ಎದುರೇ ಅರ್ಜುನನ ಬಾಣಕ್ಕೆ ತಲೆ ಕೊಡುತ್ತಾನೆ. ಈ ಸಾವನ್ನು ಭಕ್ತಿಯ ಗೆಲುವು ಅಂತ ಒಪ್ಪಿಕೊಳ್ಳೋದು ಇವತ್ತಿನ ಓದುಗರಿಗೆ ಅಷ್ಟು ಸುಲಭ ಅಲ್ಲ. ಬಭ್ರುವಾಹನ ಪ್ರಸಂಗದಲ್ಲಂತೂ ಮಗನೇ ಅಪ್ಪ ಅರ್ಜುನನನ್ನು ಕೊಲ್ಲುತ್ತಾನೆ. ವೃಷಕೇತುವೂ ಅಲ್ಲೇ ಸಾಯುತ್ತಾನೆ. ಆಮೇಲೆ ಇಬ್ಬರೂ ಬದುಕಿ ಬರುತ್ತಾರೆ.

ಓದೋದು ಹೇಗೆ?

ಒಟ್ಟು 34 ಸಂಧಿಗಳಿವೆ. ಹೆದರಬೇಕಿಲ್ಲ, ಭದ್ರಾವತಿ ಪ್ರಸಂಗ ಶುರುವಿನಲ್ಲೇ ಬರುತ್ತದೆ. ಇರೋದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡೆ. ಮನಸ್ಸಿನಲ್ಲೇ ಓದಿದರೆ ಹಳಗನ್ನಡದ ಪದಗಳು ತೊಡಕು ಅನಿಸಬಹುದು, ಗಟ್ಟಿಯಾಗಿ ಓದಿದರೆ ಅರ್ಧ ಅರ್ಥ ಕಿವಿಗೇ ಸಿಗುತ್ತದೆ. ಶಿವಮೊಗ್ಗ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್.ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಪುಸ್ತಕ ಕಷ್ಟ ಅನ್ನುವವರು ಮೊದಲು ಗಮಕ ಕೇಳಿ, ಆಮೇಲೆ ಪುಟ ತೆರೆಯಬಹುದು.