ಕಾರ್ಡಿನಾಟದ ಕಗ್ಗಂಟುಗಳು: ಮನೆಯ ನ್ಯಾಯಪೀಠದಲ್ಲಿ ಕುಳಿತವರಿಗೆ ಕೆಲವು ಮಾತು

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬಂದಿತೆಂದರೆ, ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹಿಡಿದು ಹರಿಹರದ ತುಂಗಭದ್ರಾ ತೀರದ ಓಣಿಗಳವರೆಗೆ ಮನೆಮನೆಯ ಪಡಸಾಲೆಗಳು ಮಕ್ಕಳ ಆಟದ ಅಂಗಳಗಳಾಗುತ್ತವೆ. ಒಂದು ಕಾಲದಲ್ಲಿ ಅಲ್ಲಿ ಚೌಕಾಬಾರದ ಕವಡೆಗಳೂ ಅಳಗುಳಿ ಮಣೆಯ ಹುಣಸೆ ಬೀಜಗಳೂ ಸದ್ದು ಮಾಡುತ್ತಿದ್ದವು. 1990ರ ದಶಕದಲ್ಲಿ ಕುಸ್ತಿಪಟುಗಳ ಚಿತ್ರಗಳಿದ್ದ ಟ್ರಂಪ್ ಕಾರ್ಡುಗಳು ಬಂದವು. ಈಗ ಪೋಕಿಮಾನ್ ಮೊದಲಾದ ಬಣ್ಣಬಣ್ಣದ ಕಾರ್ಡುಗಳ ಕಾಲ. ಆಟದ ಸಾಮಗ್ರಿ ಬದಲಾಗಿದೆಯೇ ಹೊರತು ಆಟದ ನಡುವೆ ಏಳುವ ತಕರಾರು ಬದಲಾಗಿಲ್ಲ. "ಅಜ್ಜಿ, ಇವನು ಮೋಸ ಮಾಡ್ತಾನೆ ನೋಡು" ಎಂಬ ಕೂಗು ಅಡುಗೆಮನೆಗೆ ಕೇಳಿಸದ ಮನೆ ಯಾವುದಿದೆ?

ಆಗ ಹಿರಿಯರು ಕೊಡುವ ತೀರ್ಪು ಸಾಮಾನ್ಯವಾಗಿ ಎರಡೇ ಬಗೆಯದು. ಒಂದು, "ಅಣ್ಣ ಹೇಳಿದ ಹಾಗೆ ಕೇಳು" ಎಂಬುದು. ಇನ್ನೊಂದು, ಕಾರ್ಡುಗಳನ್ನೆಲ್ಲ ಕಸಿದುಕೊಂಡು ಬೀರುವಿನ ಮೇಲೆ ಇಟ್ಟುಬಿಡುವುದು. ಎರಡರಿಂದಲೂ ಗದ್ದಲವೇನೋ ನಿಲ್ಲುತ್ತದೆ. ಆದರೆ ಮೊದಲನೆಯ ತೀರ್ಪಿನಿಂದ ಕಿರಿಯ ಮಗು ಕಲಿಯುವುದು 'ದೊಡ್ಡವನೇ ಸರಿ' ಎಂಬ ಪಾಠವನ್ನು. ಎರಡನೆಯದರಿಂದ ಇಬ್ಬರೂ ಕಲಿಯುವುದು 'ನ್ಯಾಯ ಕೇಳಿದರೆ ಇದ್ದುದೂ ಹೋಗುತ್ತದೆ' ಎಂಬ ಪಾಠವನ್ನು. ಕೆಲವು ರೂಪಾಯಿಗಳ ಕಾರ್ಡಿನ ಸುತ್ತ ಹುಟ್ಟಿದ ಜಗಳದಲ್ಲಿ ಮಗುವಿನ ನ್ಯಾಯಬುದ್ಧಿಯೇ ಪಣಕ್ಕೆ ಬೀಳುತ್ತದೆ ಎಂಬುದನ್ನು ನಾವು ಮರೆಯಬಾರದು. ಆದುದರಿಂದ ಈ ಆಟಗಳಲ್ಲಿ ಬರುವ ಕಗ್ಗಂಟುಗಳನ್ನು ಬಿಡಿಸುವ ಬಗೆಯನ್ನು ಹಿರಿಯರೂ ತುಸು ತಿಳಿದಿರುವುದು ಒಳ್ಳೆಯದು.

ಹಳೆಯ ಆಟ, ಹಳೆಯ ತಕರಾರು

ಚಿತ್ರದ ಎಲೆಗಳ ಆಟ ಕನ್ನಡನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮೈಸೂರಿನ ಗಂಜೀಫಾ ಆಟಕ್ಕೆ ಅನೇಕ ಹೊಸ ರೂಪಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರಣೆಯಿದೆ. 120 ಎಲೆಗಳ ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹತ್ತು ಪಂಗಡಗಳು. ಪ್ರತಿ ಪಂಗಡಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಸಂಖ್ಯೆಯ ಎಲೆಗಳು. ಐದು ಪಂಗಡಗಳಲ್ಲಿ ಹತ್ತು ಎಂಬುದು ದೊಡ್ಡದು, ಉಳಿದ ಐದರಲ್ಲಿ ಒಂದು ಎಂಬುದೇ ದೊಡ್ಡದು! ಹಗಲಿನಲ್ಲಿ ರಾಮನ ಎಲೆಯವರು ಆಟ ಆರಂಭಿಸಬೇಕು, ರಾತ್ರಿಯಲ್ಲಿ ಕೃಷ್ಣನ ಎಲೆಯವರು ಎಂಬುದು ರೂಢಿ. ಹಾಗಾದರೆ ದೀಪ ಹಚ್ಚುವ ಹೊತ್ತಿಗೆ ಎಲೆ ಹಂಚಿದರೆ ಯಾರು ಮೊದಲು? ಇಂತಹ ಪ್ರಶ್ನೆಯನ್ನು ಎಲೆ ಹಂಚುವ ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಅರಮನೆಯಲ್ಲಾದರೂ ಜಗಳ ತಪ್ಪದು.

ಟ್ರಂಪ್ ಕಾರ್ಡಿನ ಆಟವೂ ಹಾಗೆಯೇ. ತೂಕ, ಎತ್ತರಗಳಲ್ಲಿ ದೊಡ್ಡ ಸಂಖ್ಯೆ ಗೆದ್ದರೆ, ಶ್ರೇಯಾಂಕದಲ್ಲಿ ಮಾತ್ರ ಚಿಕ್ಕ ಸಂಖ್ಯೆಯೇ ಗೆಲ್ಲುತ್ತದೆ. ಇಬ್ಬರ ಸಂಖ್ಯೆಯೂ ಸಮನಾದರೆ ಆ ಕಾರ್ಡುಗಳನ್ನು ನಡುವೆ ಇಟ್ಟು, ಮುಂದಿನ ಸುತ್ತಿನಲ್ಲಿ ಗೆದ್ದವರಿಗೆ ಅವನ್ನೂ ಕೊಡುವುದು ಸರಿಯಾದ ಕ್ರಮ.

ಕಾರ್ಡು ನಿಯಮವನ್ನು ಮೀರಿದಾಗ

ಈಗಿನ ಸಂಗ್ರಹಯೋಗ್ಯ ಕಾರ್ಡಿನಾಟಗಳಿಗೆ ದಾರಿ ತೆರೆದದ್ದು 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮ್ಯಾಜಿಕ್: ದಿ ಗ್ಯಾದರಿಂಗ್. ಇದನ್ನು ರಚಿಸಿದವರು ಗಣಿತಶಾಸ್ತ್ರಜ್ಞ ರಿಚರ್ಡ್ ಗಾರ್ಫೀಲ್ಡ್. 1996ರಲ್ಲಿ ಜಪಾನಿನಲ್ಲಿ ಪೋಕಿಮಾನ್ ಕಾರ್ಡಿನಾಟ ಬಂದಿತು. ಇಸ್ಪೀಟಿನಲ್ಲಿ 52 ಎಲೆಗಳು. ಅವೆಲ್ಲಕ್ಕೂ ಒಂದೇ ನಿಯಮ. ಆದರೆ ಮ್ಯಾಜಿಕ್ ಆಟದಲ್ಲಿ ಈವರೆಗೆ 25,000ಕ್ಕೂ ಹೆಚ್ಚು ಬೇರೆಬೇರೆ ಕಾರ್ಡುಗಳು ಬಂದಿದ್ದು, ಬಹುಪಾಲು ಕಾರ್ಡುಗಳ ಮೇಲೆ ಅವುಗಳದೇ ಆದ ವಿಧಿ ಮುದ್ರಿತವಾಗಿರುತ್ತದೆ. ತೊಡಕು ಹುಟ್ಟುವುದೇ ಇಲ್ಲಿ.

ಇದಕ್ಕೆ ಆಟದವರು ಮಾಡಿಕೊಂಡ ಮೊದಲ ಸೂತ್ರವೆಂದರೆ, ಸಾಮಾನ್ಯ ನಿಯಮಕ್ಕೂ ಕಾರ್ಡಿನ ಮಾತಿಗೂ ವಿರೋಧ ಬಂದರೆ ಕಾರ್ಡಿನ ಮಾತೇ ನಡೆಯಬೇಕು ಎಂಬುದು. ನಮ್ಮ ವ್ಯಾಕರಣ ಶಾಸ್ತ್ರ ಬಲ್ಲವರಿಗೆ ಇದು ಹೊಸತಲ್ಲ. ಉತ್ಸರ್ಗವೆಂಬ ಸಾಮಾನ್ಯ ವಿಧಿಯನ್ನು ಅಪವಾದವೆಂಬ ವಿಶೇಷ ವಿಧಿ ಬಾಧಿಸುತ್ತದೆ ಎಂಬುದು ಪಾಣಿನೀಯ ಪರಂಪರೆಯ ತತ್ತ್ವ. ಮ್ಯಾಜಿಕ್ ಆಟದಲ್ಲಿ ಒಂದು ಸರದಿಗೆ ಒಂದೇ 'ಭೂಮಿ'ಯ ಕಾರ್ಡನ್ನು ಇಳಿಸಬೇಕೆಂಬುದು ನಿಯಮ; ಇನ್ನೊಂದನ್ನೂ ಇಳಿಸಬಹುದು ಎಂದು ಹೇಳುವ ಕಾರ್ಡು ಕೈಯಲ್ಲಿದ್ದರೆ ಎರಡು ಇಳಿಸಬಹುದು.

ಎರಡು ಕಾರ್ಡುಗಳೇ ಪರಸ್ಪರ ವಿರುದ್ಧವಾದರೆ? ಒಂದು 'ಹೆಚ್ಚು ಭೂಮಿ ಇಳಿಸಬಹುದು' ಎನ್ನುತ್ತದೆ, ಇನ್ನೊಂದು 'ಯಾರೂ ಭೂಮಿ ಇಳಿಸಕೂಡದು' ಎನ್ನುತ್ತದೆ. ಆಗ 'ಕೂಡದು' ಎಂಬುದೇ ಗೆಲ್ಲುತ್ತದೆ. ನಿಷೇಧಕ್ಕೆ ಅನುಮತಿಗಿಂತ ಬಲ ಹೆಚ್ಚು. ಇದು ಎರಡನೆಯ ಸೂತ್ರ.

ಆದರೆ ನಿಷೇಧವನ್ನು ಅದರ ಅಕ್ಷರಕ್ಕಿಂತ ದೊಡ್ಡದು ಮಾಡಬಾರದು. ಪೋಕಿಮಾನ್ ಆಟದಲ್ಲಿ ನಿದ್ರಾವಸ್ಥೆಯಲ್ಲಿರುವ ಪೋಕಿಮಾನ್ ದಾಳಿ ಮಾಡಕೂಡದು, ಹಿಂದಕ್ಕೆ ಸರಿಯಕೂಡದು. ಮಗು 'ಸ್ವಿಚ್' ಎಂಬ ಕಾರ್ಡನ್ನು ಹಾಕಿ ಅದನ್ನು ಹಿಂದಿನ ಸಾಲಾದ ಬೆಂಚಿಗೆ ಕಳುಹಿಸಿದರೆ ಎದುರಾಳಿ ಕೂಗಾಡುತ್ತಾನೆ. ಆದರೆ ಮಗುವೇ ಸರಿ. ಪೋಕಿಮಾನ್ ತಾನಾಗಿ ಹಿಂದೆ ಸರಿಯುವುದು ಒಂದು ಕ್ರಿಯೆ, ಕಾರ್ಡಿನ ಬಲದಿಂದ ಅದಲುಬದಲಾಗುವುದು ಇನ್ನೊಂದು ಕ್ರಿಯೆ. ನಿಷೇಧವಿರುವುದು ಮೊದಲನೆಯದಕ್ಕೆ ಮಾತ್ರ. ಅಷ್ಟೇ ಅಲ್ಲ, ಬೆಂಚಿಗೆ ಹೋದೊಡನೆ ಅದರ ನಿದ್ರೆಯೂ ಕಳೆಯುತ್ತದೆ.

ಮೊದಲು ಯಾವುದು, ಅನಂತರ ಯಾವುದು

ಬಹುಪಾಲು ಜಗಳಗಳ ಬೇರು ಕ್ರಮದಲ್ಲಿದೆ. ಪೋಕಿಮಾನ್ ಆಟದ ಒಂದು ಲೆಕ್ಕವನ್ನು ನೋಡೋಣ. ಒಂದು ದಾಳಿಯ ಬಲ 30. ದಾಳಿ ಮಾಡುವವನ ಕಡೆ 10 ಹೆಚ್ಚಿಸುವ ಕಾರ್ಡಿದೆ. ಎದುರಿನ ಪೋಕಿಮಾನಿಗೆ ಆ ಬಗೆಯ ದಾಳಿಯೆದುರು ದೌರ್ಬಲ್ಯವಿರುವುದರಿಂದ ಪೆಟ್ಟು ಇಮ್ಮಡಿಯಾಗಬೇಕು. ಒಬ್ಬ ಮಗು ಮೊದಲು ಇಮ್ಮಡಿಸಿ 60 ಮಾಡಿ, 10 ಕೂಡಿಸಿ 70 ಎನ್ನುತ್ತದೆ. ಇನ್ನೊಬ್ಬ ಮಗು ಮೊದಲು ಕೂಡಿಸಿ 40 ಮಾಡಿ, ಇಮ್ಮಡಿಸಿ 80 ಎನ್ನುತ್ತದೆ. ಇಬ್ಬರ ಗಣಿತದಲ್ಲೂ ದೋಷವಿಲ್ಲ, ಭೇದವಿರುವುದು ಕ್ರಮದಲ್ಲಿ. ದಾಳಿ ಮಾಡುವವನ ಕಡೆಯ ಹೆಚ್ಚಳ ಮೊದಲು, ದೌರ್ಬಲ್ಯ ಅನಂತರ, ನಿರೋಧಶಕ್ತಿ ಅದರ ನಂತರ ಎಂಬುದು ನಿಯಮ. ಆದುದರಿಂದ 80 ಎಂಬುದೇ ಸರಿ. ಆದರೆ ಪೆಟ್ಟು ಬೆಂಚಿನಲ್ಲಿರುವ ಪೋಕಿಮಾನಿಗೆ ಬಿದ್ದರೆ ದೌರ್ಬಲ್ಯ, ನಿರೋಧಗಳೆರಡನ್ನೂ ಲೆಕ್ಕಕ್ಕೆ ತರುವಂತಿಲ್ಲ.

ಮ್ಯಾಜಿಕ್ ಆಟದಲ್ಲಿ ಕ್ರಮದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 1999ರಲ್ಲಿ ಅದರ ನಿಯಮಗಳನ್ನು ಪರಿಷ್ಕರಿಸಿ 'ಸ್ಟ್ಯಾಕ್' ಎಂಬ ವ್ಯವಸ್ಥೆಯನ್ನು ತಂದರು. ಮಠದ ದಾಸೋಹದಲ್ಲಿ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ನೆನೆಯಿರಿ. ಕಡೆಗೆ ಇಟ್ಟ ತಟ್ಟೆಯೇ ಮೊದಲು ಕೈಗೆ ಬರುತ್ತದೆ. ಹಾಗೆಯೇ ಕಡೆಗೆ ಹಾಕಿದ ಮಂತ್ರವೇ ಮೊದಲು ಫಲಿಸುತ್ತದೆ. ಎರಡು ಬಲ, ಎರಡು ತಾಳಿಕೆಯುಳ್ಳ ಒಂದು ಕರಡಿಯ ಮೇಲೆ ಒಬ್ಬನು ಮೂರು ಪೆಟ್ಟಿನ 'ಲೈಟ್ನಿಂಗ್ ಬೋಲ್ಟ್' ಹಾಕಿದನೆನ್ನಿ. ಅದಕ್ಕೆ ಉತ್ತರವಾಗಿ ಕರಡಿಯ ಒಡೆಯನು ಬಲ, ತಾಳಿಕೆಗಳನ್ನು ಮೂರು ಮೂರು ಹೆಚ್ಚಿಸುವ 'ಜೈಂಟ್ ಗ್ರೋತ್' ಹಾಕಿದರೆ, ಅದೇ ಮೊದಲು ಫಲಿಸಿ ಕರಡಿಯ ತಾಳಿಕೆ ಐದಾಗುತ್ತದೆ. ಮೂರು ಪೆಟ್ಟು ಬಿದ್ದರೂ ಕರಡಿ ಉಳಿಯುತ್ತದೆ. ಅದೇ ಒಡೆಯನು ಅವಸರಪಟ್ಟು ತಾನೇ ಮೊದಲು ಹಾಕಿದರೆ, ಎದುರಾಳಿಯ ಸಿಡಿಲು ಉತ್ತರವಾಗಿ ಬಂದು ಮೊದಲು ಫಲಿಸಿ ಕರಡಿ ಸಾಯುತ್ತದೆ. ಹೆಚ್ಚಿಸುವ ಮಂತ್ರ ವ್ಯರ್ಥವಾಗುತ್ತದೆ. ಕಾರ್ಡುಗಳು ಅವೇ ಎರಡು, ಫಲ ಮಾತ್ರ ತದ್ವಿರುದ್ಧ. ಎದುರಿನವರ ಮಾತನ್ನು ಪೂರ್ತಿ ಕೇಳಿ ಉತ್ತರಿಸುವವನಿಗೆ ಅನುಕೂಲವಿದೆ ಎಂಬ ಲೋಕನೀತಿಯೂ ಇದರಲ್ಲಿ ಅಡಗಿದೆ.

ಹರಿಹರದ ರೂಢಿ, ದಾವಣಗೆರೆಯ ರೂಢಿ

ಎರಡು ಊರುಗಳ ನಡುವೆ ಹದಿನಾಲ್ಕು ಕಿಲೋಮೀಟರಿನಷ್ಟು ಹಾದಿ. ಆದರೂ ರಜೆಗೆಂದು ದಾವಣಗೆರೆಯಿಂದ ಹರಿಹರದ ಅಜ್ಜನ ಮನೆಗೆ ಹೋದ ಮಕ್ಕಳು ಅಲ್ಲಿನ ಮಕ್ಕಳೊಡನೆ ಕುಳಿತೊಡನೆ "ನಮ್ಮ ಕಡೆ ಹಾಗಲ್ಲ" ಎಂಬ ಮಾತು ಹೊರಡುತ್ತದೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಾರದು ಎಂಬ ಕಟ್ಟಳೆ ಕೆಲವು ಮನೆಗಳಲ್ಲುಂಟು, ಕೆಲವು ಮನೆಗಳಲ್ಲಿಲ್ಲ. ಕಾರ್ಡಿನಾಟಕ್ಕೂ ಇಂತಹ ಮನೆಯ ಕಟ್ಟಳೆಗಳು ಬೆಳೆದಿರುತ್ತವೆ.

ಇಲ್ಲಿ ಯಾರದು ಸರಿ ಎಂಬ ಪ್ರಶ್ನೆಗಿಂತ ಯಾವಾಗ ತೀರ್ಮಾನಿಸಿದಿರಿ ಎಂಬ ಪ್ರಶ್ನೆ ಮುಖ್ಯ. ಕಾರ್ಡು ಕಲಸುವ ಮೊದಲೇ ಒಪ್ಪಿದ ಕಟ್ಟಳೆ, ಮುದ್ರಿತ ನಿಯಮಕ್ಕಿಂತ ಬೇರೆಯಾಗಿದ್ದರೂ, ನ್ಯಾಯವಾದುದೇ. ಸೋಲು ಎದುರಿಗೆ ಕಂಡಾಗ ನೆನಪಿಗೆ ಬಂದ ಕಟ್ಟಳೆ ನ್ಯಾಯವಲ್ಲ. ಒಪ್ಪಂದವೇ ಆಗದಿದ್ದಲ್ಲಿ ಮುದ್ರಿತ ನಿಯಮವೇ ಪ್ರಮಾಣ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದನು; ಹರಿ ಮತ್ತು ಹರರು ಅಲ್ಲಿ ಒಂದೇ ವಿಗ್ರಹದ ಎರಡು ಅರ್ಧಗಳು. ಎರಡು ಪಕ್ಷಗಳನ್ನು ಒಂದೇ ಪೀಠದಲ್ಲಿ ಕೂಡಿಸಿದ ಊರಿನಲ್ಲಿ ಎರಡು ಮನೆಗಳ ಕಟ್ಟಳೆಗಳನ್ನು ಮೊದಲೇ ಮಾತನಾಡಿ ಹೊಂದಿಸುವುದು ಕಷ್ಟವಾಗಬಾರದು.

ಪಣ ಮತ್ತು ವಿನಿಮಯ

ಹಿರಿಯರು ಕಟ್ಟುನಿಟ್ಟಾಗಿರಬೇಕಾದ ಒಂದು ಎಡೆಯಿದೆ. ಮ್ಯಾಜಿಕ್ ಆಟದ 1993ರ ಮೊದಲ ನಿಯಮಗಳಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟಿನಿಂದ ಒಂದು ಕಾರ್ಡನ್ನು ಪಣವಾಗಿ ಇಡುವ, ಗೆದ್ದವನು ಅದನ್ನು ಒಯ್ಯುವ ಪದ್ಧತಿಯಿದ್ದಿತು. ಮುಂದೆ ಅದನ್ನು ಕೈಬಿಟ್ಟು, ಪಣಕ್ಕೆ ಸಂಬಂಧಿಸಿದ ಕಾರ್ಡುಗಳನ್ನೇ ಅಧಿಕೃತ ಪಂದ್ಯಗಳಿಂದ ನಿಷೇಧಿಸಿದರು. ಆಟವನ್ನು ಮಾಡಿದವರೇ ಬಿಟ್ಟುಕೊಟ್ಟ ಪದ್ಧತಿ ನಮ್ಮ ಪಡಸಾಲೆಗಳಲ್ಲಿ ಬೇಡ. ಕಾಯಕದಿಂದ ಬಂದುದೇ ನಮ್ಮದು ಎಂದು ನಂಬಿದ ಮನೆಗಳಲ್ಲಿ ಜೂಜಿನ ಗಳಿಕೆಗೆ ಸ್ಥಳವಿಲ್ಲ. ಆಟ ಮುಗಿದಾಗ ಅವರವರ ಕಾರ್ಡು ಅವರವರ ಕೈ ಸೇರಬೇಕು.

ವಿನಿಮಯ ಮಾತ್ರ ತಪ್ಪಲ್ಲ. ಆದರೆ ಹನ್ನೆರಡು ವರ್ಷದವನು ಆರು ವರ್ಷದವನಿಂದ ಹೊಳೆಯುವ ಅಪರೂಪದ ಕಾರ್ಡನ್ನು ಪಡೆದು ಹತ್ತು ಸಾಧಾರಣ ಕಾರ್ಡುಗಳನ್ನು ಕೊಟ್ಟರೆ, ಅದು ಸಂಖ್ಯೆಯಲ್ಲಿ ಲಾಭ, ಬೆಲೆಯಲ್ಲಿ ನಷ್ಟ. ಚಿಕ್ಕವರ ವಿನಿಮಯಕ್ಕೆ ಮನೆಯ ಹಿರಿಯರ ಒಪ್ಪಿಗೆ ಬೇಕು, ಮತ್ತು ಮರುದಿನದವರೆಗೆ ಅದನ್ನು ಹಿಂತೆಗೆದುಕೊಳ್ಳಬಹುದು ಎಂಬ ಕಟ್ಟಳೆಯಿದ್ದರೆ ಕಣ್ಣೀರು ಎಷ್ಟೋ ಕಡಿಮೆಯಾಗುತ್ತದೆ.

ತೀರ್ಪು ಕೊಡುವವರ ಧರ್ಮ

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಶೂನ್ಯಸಂಪಾದನೆಯು ಆ ಚರ್ಚೆಗಳನ್ನು ಪ್ರಶ್ನೋತ್ತರ ರೂಪದಲ್ಲಿ ನಮ್ಮ ಮುಂದಿಡುತ್ತದೆ. ಅಲ್ಲಿ ಶೂನ್ಯಪೀಠದ ಅಲ್ಲಮಪ್ರಭುಗಳು ಕಿರಿಯ ವಯಸ್ಸಿನ ಅಕ್ಕಮಹಾದೇವಿಯನ್ನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಆಕೆಯ ಉತ್ತರಗಳನ್ನು ಕೇಳಿ ಮೆಚ್ಚುತ್ತಾರೆ. ವಯಸ್ಸು, ಕುಲ, ಲಿಂಗಭೇದಗಳು ಅಲ್ಲಿ ಪ್ರಮಾಣವಾಗಲಿಲ್ಲ, ಅರಿವೇ ಪ್ರಮಾಣವಾಯಿತು. ಆ ಮಹಾಮಂಟಪಕ್ಕೂ ಮಕ್ಕಳ ಆಟಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ 'ಯಾರು ಹೇಳಿದರು' ಎಂಬುದಕ್ಕಿಂತ 'ಏನು ಹೇಳಿದರು' ಎಂಬುದನ್ನು ನೋಡುವ ಅಭ್ಯಾಸ ಎಳವೆಯಲ್ಲಿ ಬರದಿದ್ದರೆ ದೊಡ್ಡವರಾದ ಮೇಲೆ ಎಲ್ಲಿಂದ ಬಂದೀತು?

ಆದುದರಿಂದ ತಕರಾರು ಬಂದಾಗ ಈ ಕ್ರಮವನ್ನು ಅನುಸರಿಸಬಹುದು. ಮೊದಲು ಆಟವನ್ನು ಇದ್ದಲ್ಲಿಯೇ ನಿಲ್ಲಿಸಿ, ಯಾವ ಕಾರ್ಡನ್ನೂ ಕದಲಿಸಕೂಡದು. ಎರಡನೆಯದಾಗಿ, ಇಬ್ಬರೂ ಸರದಿಯ ಮೇಲೆ ನಡೆದುದನ್ನು ಹೇಳಲಿ. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಮೂರನೆಯದಾಗಿ, ನೆನಪಿನಿಂದ ಹೇಳದೆ ಕಾರ್ಡಿನ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗಳಿಂದ ಓದಿಸಿ ಅರ್ಥ ಕೇಳಬಹುದು. ಅರ್ಥ ಬಿಡಿಸಿ ಹೇಳುವಾಗಲೇ ಎಷ್ಟೋ ಜಗಳಗಳು ಕರಗುತ್ತವೆ. ನಾಲ್ಕನೆಯದಾಗಿ, ಆಗಲೂ ತಿಳಿಯದಿದ್ದರೆ ನಾಣ್ಯ ಚಿಮ್ಮಿ ಆ ಒಂದು ಸರದಿಯನ್ನು ಮುಂದುವರಿಸಿ, ಆಟ ಮುಗಿದ ಮೇಲೆ ನಿಯಮ ಪುಸ್ತಕವನ್ನು ನೋಡಿ, ಮುಂದಿನ ಆಟಗಳಿಗೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐದನೆಯದಾಗಿ, ಅರಿಯದೆ ಆದ ತಪ್ಪನ್ನೂ ಅರಿತು ಮಾಡಿದ ಮೋಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ದೊಡ್ಡ ಪಂದ್ಯಗಳ ತೀರ್ಪುಗಾರರೂ ಈ ಭೇದವನ್ನು ಎಣಿಸುತ್ತಾರೆ. ತಪ್ಪನ್ನು ತಿದ್ದಿದರೆ ಸಾಕು. ಮೋಸವಾದರೆ ಅಂದಿನ ಆಟದಿಂದ ಹೊರಗಿಡಿ.

ಇಷ್ಟಾದ ಮೇಲೆ ಕಿರಿಯವನದೇ ಸರಿಯೆಂದು ಕಂಡುಬಂದರೆ, ಹಿರಿಯವನ ಎದುರಿನಲ್ಲಿಯೇ "ನಿನ್ನ ಮಾತು ಸರಿ ಇದೆ ಮಗು" ಎಂದು ಹೇಳಲು ಹಿಂಜರಿಯಬೇಡಿ. ಸೋತ ಹಿರಿಯವನಿಗೂ, "ಒಪ್ಪಿಕೊಂಡೆಯಲ್ಲ, ಅದು ದೊಡ್ಡತನ" ಎಂದು ಹೇಳುವುದನ್ನು ಮರೆಯಬೇಡಿ. ಕಾರ್ಡುಗಳ ಬಣ್ಣ ಕೆಲವು ವರ್ಷಗಳಲ್ಲಿ ಮಾಸಿ ಹೋಗುತ್ತದೆ. ಆ ಎರಡು ಮಾತುಗಳು ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತವೆ. ಈ ರಜೆಯಲ್ಲಿ ನಮ್ಮ ಮನೆಗಳ ಪಡಸಾಲೆಗಳಿಂದ ಆಟದ ಸದ್ದೂ ಕೇಳಿಬರಲಿ, ನ್ಯಾಯದ ಮಾತೂ ಕೇಳಿಬರಲಿ.